ನಿನ್ನ ಸೊಂಟನೋವಿನ ವಯಸ್ಸು

ಸಾಗರ
ಭಾನುವಾರ ಸಂಜೆ

ಚಿ. ಸೌ. ಮಾಲಿನಿಗೆ,

ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ. ಮಳೆ ಇನ್ನೂ ಬಿಟ್ಟಿಲ್ಲ. ಅಂಗಳಕ್ಕೆ ಕಾಲಿಟ್ಟರೆ ಜಾರುತ್ತದೆ.

ಮೊನ್ನೆ ಫೋನಿನಲ್ಲಿ ನೀನು ಅತ್ತಿದ್ದು ಕಿವಿಯಲ್ಲೇ ಉಳಿದುಬಿಟ್ಟಿದೆ. ಏಳು ತಿಂಗಳು ತುಂಬಿತು, ರಾತ್ರಿ ಮಗ್ಗುಲು ಬದಲಿಸಲೂ ಆಗಲ್ಲ, ಸೊಂಟ ಕಳಚಿ ಬಿದ್ದ ಹಾಗಾಗುತ್ತೆ ಅಂದೆ. ಅದು ಕೇಳಿ ಸಂಕಟವಾಯಿತು. ಅದಕ್ಕಿಂತ ಜಾಸ್ತಿ ಚುಚ್ಚಿದ್ದು ಆಮೇಲೆ ನೀನು ಆಡಿದ ಮಾತು. "ನನಗೇ ಶಕ್ತಿ ಇಲ್ಲ ಅನ್ಸುತ್ತೆ ದೊಡ್ಡಮ್ಮ. ಹಿಂದಿನವರೆಲ್ಲ ಗದ್ದೆ ನಾಟಿ ಮಾಡ್ತಾ ಮಾಡ್ತಾನೇ ಹೆತ್ತು ಬರ್ತಿದ್ರಂತೆ." ಇದನ್ನು ನಿನ್ನ ತಲೆಗೆ ತುಂಬಿದವರು ಯಾರು ಅಂತ ನಾನು ಕೇಳುವುದಿಲ್ಲ. ಆದರೆ ಆ ಮಾತು ಸುಳ್ಳು. ಯಾಕೆ ಸುಳ್ಳು ಅಂತ ಫೋನಿನಲ್ಲಿ ಹೇಳಿದರೆ ಅರ್ಧ ಗಾಳಿಗೆ ಹೋಗುತ್ತದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ನಿಮ್ಮಮ್ಮ ಇದ್ದಿದ್ದರೆ ಬೆನ್ನು ನೀವುತ್ತಾ ಸಮಾಧಾನ ಹೇಳುತ್ತಿದ್ದಳು. ನನಗೆ ಪಾಠ ಹೇಳಿಯೇ ಅಭ್ಯಾಸ. ನನಗೆ ಗೊತ್ತಿರುವ ದಾರಿಯಲ್ಲೇ ಹೇಳುತ್ತೇನೆ, ಆಯ್ತಾ?

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿದೆ. ನಮ್ಮ ಲ್ಯಾಬಿನಲ್ಲಿ ಒಂದು ಪ್ಲಾಸ್ಟಿಕ್ ಅಸ್ಥಿಪಂಜರ ಇತ್ತು. ಬೆನ್ನಿನ ತಂತಿ ಯಾವಾಗಲೋ ತುಂಡಾಗಿ, ಮೂಳೆಗಳೆಲ್ಲ ಒಂದು ರಟ್ಟಿನ ಡಬ್ಬಿ ಸೇರಿದ್ದವು. ಸೊಂಟದ ಐದು ಮೂಳೆಗಳನ್ನು ಮಕ್ಕಳ ಕೈಗೆ ಕೊಟ್ಟು ಜೋಡಿಸಿ ಅನ್ನುತ್ತಿದ್ದೆ. ಅವರು ಒಂದರ ಮೇಲೊಂದು ನೆಟ್ಟಗೆ ಇಡಲು ಹೋಗುತ್ತಿದ್ದರು. ನಿಲ್ಲುತ್ತಿರಲಿಲ್ಲ. ಕೊನೆಯ ಮೂಳೆಯನ್ನು ಬೆರಳಲ್ಲಿ ಹಿಡಿದು ನೋಡಿದರೆ ಗೊತ್ತಾಗುತ್ತದೆ, ಅದರ ಮುಂಭಾಗ ಎತ್ತರ, ಹಿಂಭಾಗ ಗಿಡ್ಡ. ಬಾಗಿಲು ಹಾಕಿಕೊಳ್ಳದಿರಲಿ ಅಂತ ಸಂದಿಗೆ ಸಿಕ್ಕಿಸುವ ಮರದ ಚಕ್ಕೆಯ ಹಾಗೆ. ಆ ಓರೆಯಿಂದಲೇ ನಮ್ಮ ಸೊಂಟ ಒಳಕ್ಕೆ ಬಾಗುತ್ತದೆ. ಅದರಿಂದಲೇ ನಾವು ಎರಡು ಕಾಲಿನ ಮೇಲೆ ನಿಲ್ಲುತ್ತೇವೆ.

ನಮ್ಮ ಕೊಟ್ಟಿಗೆಯ ಗೌರಿಯ ಬೆನ್ನು ನೋಡು. ತೊಲೆ ಇದ್ದ ಹಾಗಿದೆ. ನಾಲ್ಕು ಕಂಬದ ಮೇಲೆ ಅಡ್ಡ ಮಲಗಿದ ತೊಲೆ. ಹೊಟ್ಟೆ ಅದಕ್ಕೆ ಜೋತುಬಿದ್ದಿರುತ್ತದೆ. ಬೆನ್ನುಮೂಳೆ ಶುರುವಾಗಿದ್ದು ಆ ಕೆಲಸಕ್ಕೆ. ನಮ್ಮ ಹಿಂದಿನವರು ಎದ್ದು ನಿಂತಾಗ ಆ ತೊಲೆಯನ್ನೇ ಕಂಬ ಮಾಡಿಕೊಂಡರು. ಹೊಸ ಕಂಬ ಕೆತ್ತಲಿಲ್ಲ. ತಲೆ, ಎದೆ, ಕೈ, ಹೊಟ್ಟೆ ಎಲ್ಲದರ ಭಾರವೂ ಬಂದು ಕೂತಿದ್ದು ಕೆಳಗಿನ ಒಂದೆರಡು ಮೂಳೆಗಳ ಮೇಲೆ. ಡಿಸ್ಕ್ ಜಾರಿತು ಅನ್ನುತ್ತಾರಲ್ಲ, ಅದು ಹೆಚ್ಚಾಗಿ ಅಲ್ಲೇ.

ಇದು ನಿನ್ನೆ ಮೊನ್ನೆಯ ಕಥೆಯಲ್ಲ. ಆಫ್ರಿಕಾದ ಟಾಂಜಾನಿಯಾದಲ್ಲಿ ಲೇಟೊಲಿ ಅಂತ ಒಂದು ಜಾಗ. 1978ರಲ್ಲಿ ಮೇರಿ ಲೀಕಿ ಎಂಬಾಕೆಯ ತಂಡ ಅಲ್ಲಿ ಹೆಜ್ಜೆಗುರುತುಗಳನ್ನು ಬಿಡಿಸಿತು. ಅಗ್ನಿಪರ್ವತದ ಬೂದಿ ಬಿದ್ದಿತ್ತು, ಅದು ಮಳೆಗೆ ನೆನೆದಿತ್ತು, ಅದರ ಮೇಲೆ ಯಾರೋ ನಡೆದು ಹೋಗಿದ್ದರು. ಒಂದು ಸಾಲು ದೊಡ್ಡ ಹೆಜ್ಜೆ, ಪಕ್ಕದಲ್ಲೇ ಒಂದು ಸಾಲು ಚಿಕ್ಕ ಹೆಜ್ಜೆ. ಕೋತಿಯ ಹಾಗೆ ಹೆಬ್ಬೆರಳು ಪಕ್ಕಕ್ಕೆ ಚಾಚಿಲ್ಲ, ಬೇರೆ ಬೆರಳುಗಳ ಸಾಲಿನಲ್ಲೇ ಇದೆ. ನಮ್ಮ ಒದ್ದೆ ಅಂಗಳದಲ್ಲಿ ಬೀಳುವ ಹೆಜ್ಜೆಯ ಹಾಗೇ. ಅದಕ್ಕೆ ಸುಮಾರು 36 ಲಕ್ಷ ವರ್ಷ. ಅಷ್ಟು ಹಿಂದೆಯೇ ನಡೆಯುತ್ತಿದ್ದರು ಅಂದಮೇಲೆ, ಹೊಟ್ಟೆಯಲ್ಲಿ ಕೂಸು ಹೊತ್ತೂ ನಡೆದಿರಲೇಬೇಕು ಅಲ್ವಾ?

ಈಗ ನಿನ್ನ ಸೊಂಟಕ್ಕೆ ಬರುತ್ತೇನೆ. ಹೊಟ್ಟೆ ಮುಂದಕ್ಕೆ ಬಂದ ಹಾಗೆ ಮೈಯ ಭಾರವೆಲ್ಲ ಮುಂದಕ್ಕೆ ವಾಲುತ್ತದೆ. ಮುಗ್ಗರಿಸದೆ ಇರಲು ಬಸುರಿ ಹಿಂದಕ್ಕೆ ಬಾಗಿ ನಿಲ್ಲುತ್ತಾಳೆ. ಹಸುವಿಗೆ ಈ ತಾಪತ್ರಯ ಇಲ್ಲ, ಅದರ ಕರು ತೊಲೆಯ ಕೆಳಗೆ ತೂಗುತ್ತಿರುತ್ತದೆ. 2007ರಲ್ಲಿ ಕ್ಯಾಥರೀನ್ ವಿಟ್‌ಕೋಮ್ ಎಂಬ ವಿಜ್ಞಾನಿ ಮತ್ತು ಜೊತೆಯವರು ಒಂದು ಸಂಗತಿ ಪ್ರಕಟಿಸಿದರು. ಗಂಡಸರ ಸೊಂಟದ ಬಾಗು ಎರಡು ಮೂಳೆಗಳ ಮೇಲೆ ನಿಂತಿದೆ. ಹೆಂಗಸರಲ್ಲಿ ಅದು ಮೂರು ಮೂಳೆಗಳಿಗೆ ಹಂಚಿಕೊಂಡಿದೆ. ಹಾಗಾಗಿ ನಾವು ಜಾಸ್ತಿ ಹಿಂದಕ್ಕೆ ಬಾಗಿದರೂ ಬೆನ್ನು ತಡೆದುಕೊಳ್ಳುತ್ತದೆ. ದಕ್ಷಿಣ ಆಫ್ರಿಕಾದಲ್ಲಿ ಸಿಕ್ಕಿದ, 20 ಲಕ್ಷ ವರ್ಷಕ್ಕೂ ಹಳೆಯ ಮೂಳೆಗಳಲ್ಲೂ ಈ ವ್ಯತ್ಯಾಸ ಕಂಡಿತು.

ಇದನ್ನು ಓದಿದ ದಿನ ನನಗೆ ಅಳು ಬಂದಿತ್ತು. ನಿನ್ನ ಸೊಂಟದಲ್ಲಿರುವ ಆ ಮೂರನೆಯ ಓರೆ ಮೂಳೆ ನಿನಗಾಗಿಯೇ ಉಳಿದು ಬಂದದ್ದು. ಎಷ್ಟೋ ಸಾವಿರ ತಲೆಮಾರಿನ ಬಸುರಿಯರ ಬೆನ್ನು ನೊಂದಿದ್ದಕ್ಕೆ ಅದು ಸಾಕ್ಷಿ. ನೋವು ಪೂರಾ ಹೋಗಿಲ್ಲ, ನಿಜ. ತಡೆದುಕೊಳ್ಳುವಷ್ಟು ಮಾತ್ರ ಸರಿಹೋಗಿದೆ. ಜೀವವಿಕಾಸ ಯಾವತ್ತೂ ಅಷ್ಟೇ ಮಾಡುತ್ತದೆ.

ಯಾಕೆ ಪೂರಾ ಸರಿಮಾಡಲಿಲ್ಲ ಅಂತ ಕೇಳಬಹುದು. ನಮ್ಮ ಅಜ್ಜನ ಮನೆ ನೆನಪಿದೆಯಾ? ಬಚ್ಚಲಿನ ಪಕ್ಕದಲ್ಲೇ ಬಾವಿ. ಆದರೆ ನಲ್ಲಿಯ ಪೈಪು ಮಾತ್ರ ಅಡಿಗೆಮನೆ ಸುತ್ತಿ, ಜಗುಲಿ ಹಾದು, ಮನೆಯನ್ನೆಲ್ಲ ಬಳಸಿ ಬಚ್ಚಲಿಗೆ ಬರುತ್ತಿತ್ತು. ಮೊದಲು ಬಚ್ಚಲು ಆ ಕಡೆ ಇತ್ತು. ಅದನ್ನು ಈ ಕಡೆಗೆ ತಂದಾಗ ಹಳೆಯ ಪೈಪನ್ನೇ ಎಳೆದುಕೊಂಡು ಬಂದರು. ಮನೆಯಲ್ಲಿ ಜನ ವಾಸ ಮಾಡುತ್ತಿರುವಾಗ ಕೆಡವಿ ಕಟ್ಟಲು ಆಗುತ್ತಾ? ನಮ್ಮ ಮೈಯೂ ಹಾಗೇ. ಗಂಟಲಿನ ಧ್ವನಿಪೆಟ್ಟಿಗೆಗೆ ಹೋಗುವ ಒಂದು ನರ ನೇರವಾಗಿ ಹೋಗುವುದಿಲ್ಲ. ಎಡಗಡೆಯದು ಎದೆಗೆ ಇಳಿದು, ಹೃದಯದ ದೊಡ್ಡ ರಕ್ತನಾಳವನ್ನು ಬಳಸಿ, ಮತ್ತೆ ಮೇಲೆ ಹತ್ತುತ್ತದೆ. ಮೀನಿನಂಥ ಪೂರ್ವಿಕರಲ್ಲಿ ಅದು ಹತ್ತಿರದ ದಾರಿಯೇ ಆಗಿತ್ತು. ಕತ್ತು ಬೆಳೆಯಿತು, ನರ ಉದ್ದವಾಯಿತು. ಜಿರಾಫೆಯಲ್ಲಿ ಇದೇ ನರ ಹಲವು ಮೀಟರ್ ಉದ್ದ. ಅನ್ನ ಮತ್ತು ಉಸಿರು ಗಂಟಲಲ್ಲಿ ಅಡ್ಡ ಹಾಯುವುದೂ, ನಿನ್ನ ಗಂಡನಿಗೆ ಕಳೆದ ವರ್ಷ ಬುದ್ಧಿಹಲ್ಲು ಅಡ್ಡ ಬಂದು ದವಡೆ ಊದಿದ್ದೂ ಇಂಥವೇ. ಫ್ರಾಂಸಿನ ವಿಜ್ಞಾನಿ ಫ್ರಾಂಸ್ವಾ ಜೇಕಬ್ 1977ರಲ್ಲಿ ಇದನ್ನೇ ಬರೆದರು. ವಿಕಾಸ ನಕ್ಷೆ ಹಾಕಿ ಕಟ್ಟುವ ಎಂಜಿನಿಯರ್ ಅಲ್ಲ, ಕೈಗೆ ಸಿಕ್ಕಿದ್ದರಲ್ಲೇ ಹೊಂದಿಸಿ ಕೆಲಸ ನಡೆಸುವವರ ಹಾಗೆ ಅಂತ.

ಇನ್ನು ನಿನಗೆ ಭಯ ಇರುವುದು ಹೆರಿಗೆಯ ಬಗ್ಗೆ. ಅದನ್ನು ಬಚ್ಚಿಟ್ಟು ಹೇಳುವುದಿಲ್ಲ.

ಹೋದ ವರ್ಷ ಗೌರಿ ಕರು ಹಾಕಿದಾಗ ನಾನು ಕೊಟ್ಟಿಗೆಯಲ್ಲೇ ಇದ್ದೆ. ಮುಂಗಾಲೆರಡು ಬಂದವು, ಅದರ ಮೇಲೆ ಮೂತಿ, ಆಮೇಲೆ ಸರಕ್ಕನೆ ಇಡೀ ಕರು. ಒಂದು ಗಂಟೆಯೊಳಗೆ ಎದ್ದು ತೊದಲು ಹೆಜ್ಜೆ ಇಟ್ಟು ಕೆಚ್ಚಲು ಹುಡುಕಿತು. ಹಸುವಿಗೂ ಕಷ್ಟವಾಗುವುದುಂಟು. ಆದರೆ ನಮ್ಮ ದಾರಿಯೇ ಬೇರೆ. 1974ರಲ್ಲಿ ಇಥಿಯೋಪಿಯಾದಲ್ಲಿ ಲೂಸಿ ಎಂದು ಹೆಸರಿಟ್ಟ ಅಸ್ಥಿಪಂಜರ ಸಿಕ್ಕಿತು. 32 ಲಕ್ಷ ವರ್ಷ ಹಳೆಯದು. ಎರಡು ಕಾಲಲ್ಲಿ ನಡೆಯುತ್ತಿದ್ದಳು, ಆದರೆ ಮಿದುಳು ನಮ್ಮದರ ಮೂರರಲ್ಲೊಂದು ಪಾಲು ಮಾತ್ರ. ಅಂದರೆ ಮೊದಲು ಸೊಂಟದ ಮೂಳೆ ನಡಿಗೆಗೆ ಒಗ್ಗಿತು. ತಲೆ ದೊಡ್ಡದಾಗಿದ್ದು ಎಷ್ಟೋ ಕಾಲದ ಮೇಲೆ. ದಾರಿ ಆಗಲೇ ತಯಾರಾಗಿತ್ತು. ದೊಡ್ಡ ತಲೆ ಅದರಲ್ಲೇ ಹಾದು ಬರಬೇಕಾಯಿತು.

ಆ ದಾರಿ ಒಳಗೆ ಹೋಗುವಲ್ಲಿ ಅಡ್ಡಕ್ಕೆ ಅಗಲ, ಹೊರಗೆ ಬರುವಲ್ಲಿ ಹಿಂದು ಮುಂದಕ್ಕೆ ಅಗಲ. ಹಾಗಾಗಿ ಕೂಸು ಮೊದಲು ಪಕ್ಕಕ್ಕೆ ಮುಖ ಮಾಡಿ ಇಳಿಯುತ್ತದೆ, ಆಮೇಲೆ ತಲೆ ತಿರುಗಿಸಿಕೊಳ್ಳುತ್ತದೆ, ತಲೆ ಬಂದ ಮೇಲೆ ಭುಜವೂ ತಿರುಗಬೇಕು. ತಲೆಬುರುಡೆಯ ಮೂಳೆಗಳು ಇನ್ನೂ ಕೂಡಿರುವುದಿಲ್ಲ, ಒಂದರ ಮೇಲೊಂದು ಸ್ವಲ್ಪ ಸರಿಯುತ್ತವೆ. ಎಳೆಗೂಸಿನ ನೆತ್ತಿ ಮುಟ್ಟಿದರೆ ಮೆತ್ತಗೆ ಮಿಡಿಯುತ್ತದಲ್ಲ, ಆ ಸಂದಿಯಿಂದಾಗಿಯೇ ಅದು ಸಾಧ್ಯ. ಹುಟ್ಟುವಾಗ ಕೂಸಿನ ಮಿದುಳು ದೊಡ್ಡವರ ಮಿದುಳಿನ ಮೂರರಲ್ಲೊಂದು ಪಾಲಿಗಿಂತಲೂ ಕಡಿಮೆ. ಮಿಕ್ಕಿದ್ದು ನಿನ್ನ ಮಡಿಲಲ್ಲಿ ಬೆಳೆಯುತ್ತದೆ. ಮಿದುಳು ಪೂರಾ ಬೆಳೆಯುವ ಮೊದಲೇ ಕೂಸು ಹುಟ್ಟುವುದಕ್ಕೆ ಸೊಂಟ ಕಿರಿದು ಅನ್ನುವುದೊಂದೇ ಕಾರಣವಲ್ಲ ಅನ್ನುವವರೂ ಇದ್ದಾರೆ. ತಾಯಿಯ ಮೈ ಅದಕ್ಕಿಂತ ಹೆಚ್ಚು ಶಕ್ತಿ ಒದಗಿಸಲಾರದ ಹಂತ ಮುಟ್ಟಿದಾಗ ಹೆರಿಗೆಯಾಗುತ್ತದೆ ಎಂದು ಹಾಲಿ ಡನ್ಸ್‌ವರ್ತ್ ಎಂಬ ವಿಜ್ಞಾನಿ ಮತ್ತು ಜೊತೆಯವರು 2012ರಲ್ಲಿ ವಾದಿಸಿದರು. ನನಗೆ ಎರಡರಲ್ಲೂ ಹುರುಳಿದೆ ಅನ್ನಿಸುತ್ತದೆ. ನೀನು ಈಗ ಸುಸ್ತು ಸುಸ್ತು ಅನ್ನುತ್ತೀಯಲ್ಲ, ಅದು ಸೋಮಾರಿತನ ಅಲ್ಲ ಅಂತ ಈಗಲಾದರೂ ನಂಬು.

ಈ ಇಡೀ ವಿಷಯದಲ್ಲಿ ನನಗೆ ತುಂಬ ದೊಡ್ಡದು ಅನ್ನಿಸಿದ್ದು ಇನ್ನೊಂದು. ಎಷ್ಟೋ ಕೋತಿಗಳಲ್ಲಿ ಮರಿ ತಾಯಿಯ ಕಡೆಗೆ ಮುಖ ಮಾಡಿ ಬರುತ್ತದೆ. ತಾಯಿ ತಾನೇ ಕೈಚಾಚಿ ಎಳೆದುಕೊಳ್ಳುತ್ತಾಳೆ. ನಮ್ಮ ಕೂಸು ಸಾಮಾನ್ಯವಾಗಿ ತಾಯಿಯ ಬೆನ್ನಿನ ಕಡೆ ಮುಖ ಮಾಡಿ ಬರುತ್ತದೆ. ತಾಯಿ ತಾನೇ ಎಳೆದರೆ ಕೂಸಿನ ಕತ್ತು ಹಿಂದಕ್ಕೆ ಬಾಗಿ ಅಪಾಯ. ಹೊಕ್ಕುಳಬಳ್ಳಿ ಸುತ್ತಿಕೊಂಡಿದ್ದರೆ ಬಿಡಿಸಲು ಅವಳ ಕೈ ಎಟುಕುವುದಿಲ್ಲ. ಇನ್ನೊಬ್ಬರ ಕೈ ಬೇಕು. ಕ್ಯಾರನ್ ರೋಸೆನ್‌ಬರ್ಗ್, ವೆಂಡಾ ಟ್ರೆವಾಥನ್ ಎಂಬ ಇಬ್ಬರು ವಿಜ್ಞಾನಿಗಳು ಇದನ್ನು ವಿವರವಾಗಿ ತೋರಿಸಿದ್ದಾರೆ. ಮನುಷ್ಯರ ಹೆರಿಗೆಗೆ ಜೊತೆಗಿರುವವರು ಬೇಕಾಗಿದ್ದು ಆಸ್ಪತ್ರೆ ಬಂದ ಮೇಲಲ್ಲ. ಅದು ತೀರಾ ಹಳೆಯದು.

ನಮ್ಮಲ್ಲೇ ನೋಡು. ಪಾವಗಡ ತಾಲೂಕು ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು, ದುಡ್ಡು ಮುಟ್ಟದೆ. 2018ರಲ್ಲಿ ಪದ್ಮಶ್ರೀ ಬಂತು. ಎಲ್ಲರೂ ಒಬ್ಬೊಬ್ಬರೇ ಗದ್ದೆಯಲ್ಲಿ ಹೆತ್ತು ಬರುತ್ತಿದ್ದರೆ ಅಂಥ ತಾಯಿಯನ್ನು ಯಾರು ಕರೆಯುತ್ತಿದ್ದರು? ಗದ್ದೆಯಲ್ಲಿ ಹೆತ್ತು ಬದುಕಿದವರು ಕಥೆ ಹೇಳಿದರು. ನಮ್ಮ ಅಜ್ಜಿಯ ತಂಗಿ ಚೊಚ್ಚಲು ಹೆರಿಗೆಯಲ್ಲಿ ಮೂರು ದಿನ ನರಳಿ ಹೋಗಿಬಿಟ್ಟಳು. ಅವಳ ಕಥೆ ಹೇಳಲು ಅವಳಿರಲಿಲ್ಲ. ಅಜ್ಜಿ ಅವಳ ಹೆಸರು ಎತ್ತಿದಾಗಲೆಲ್ಲ ಸೆರಗು ಕಣ್ಣಿಗೆ ಹೋಗುತ್ತಿತ್ತು.

ನನ್ನದೂ ಹೇಳುತ್ತೇನೆ. ನಿನ್ನ ಅಣ್ಣ ಹುಟ್ಟಿದ್ದು ಆಪರೇಷನ್ನಿನಲ್ಲಿ. ಹದಿನೆಂಟು ಗಂಟೆ ನೋವು ತಿಂದೆ, ತಲೆ ಇಳಿಯಲಿಲ್ಲ. ವಾರ್ಡಿಗೆ ನೋಡಲು ಬಂದ ನೆಂಟರೊಬ್ಬರು "ಹೆರಲಿಕ್ಕೂ ಆಗಲಿಲ್ವಾ ಇವಳಿಗೆ" ಅಂದರು. ಹೊಲಿಗೆಗಿಂತ ಜಾಸ್ತಿ ದಿನ ಆ ಮಾತು ನೋಯಿಸಿತು. ಉತ್ತರ ಕೊಡಲು ನನಗೆ ಆಗ ಗೊತ್ತಿರಲಿಲ್ಲ. ನಿನಗೆ ಯಾರಾದರೂ ಹಾಗೆ ಅಂದರೆ ಈ ಪತ್ರ ಅವರ ಕೈಗೆ ಕೊಡು. ಸಹಜ ಹೆರಿಗೆಯಾದರೆ ಸಂತೋಷ. ಆಪರೇಷನ್ ಬೇಕು ಅಂದರೆ ಯಾಕೆ ಅಂತ ಡಾಕ್ಟರನ್ನು ಧೈರ್ಯವಾಗಿ ಕೇಳು. ಕಾರಣ ತಿಳಿದ ಮೇಲೆ ಒಪ್ಪಿಕೊಳ್ಳಲು ನಾಚಿಕೆ ಬೇಡ.

ಸದ್ಯಕ್ಕೆ ಇಷ್ಟು ಮಾಡು. ಎಡಮಗ್ಗುಲಿಗೆ ಮಲಗು, ಮಂಡಿಗಳ ನಡುವೆ ಒಂದು ದಿಂಬು, ಹೊಟ್ಟೆಯ ಕೆಳಗೆ ಒಂದು ಸಣ್ಣ ದಿಂಬು. ಏಳುವಾಗ ನೇರವಾಗಿ ಏಳಬೇಡ, ಮಗ್ಗುಲಾಗಿ ಕೈ ಊರಿ ಏಳು. ಆಫೀಸಿನಲ್ಲಿ ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕು. ಡಾಕ್ಟರು ಬೇಡ ಅಂದಿಲ್ಲವಾದರೆ ಸಂಜೆ ನಿಧಾನವಾಗಿ ನಡೆ. ನಿನ್ನ ಬೆನ್ನು ನಡೆಯುವುದಕ್ಕೇ ಒಗ್ಗಿದ್ದು, ಕೂತೇ ಇರುವುದಕ್ಕಲ್ಲ. ಮೆಡಿಕಲ್ ಶಾಪಿನಲ್ಲಿ ಕೇಳಿ ನೋವಿನ ಮಾತ್ರೆ ನುಂಗಬೇಡ. ಹೊಟ್ಟೆ ತಿಕ್ಕಿಸಿಕೊಳ್ಳಬೇಡ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಸೊಂಟನೋವು ಬಿಟ್ಟು ಬಿಟ್ಟು ಲೆಕ್ಕ ಹಿಡಿದ ಹಾಗೆ ಬಂದರೆ, ರಕ್ತ ಅಥವಾ ನೀರು ಕಂಡರೆ, ಕೂಸಿನ ಮಿಸುಕಾಟ ಕಡಿಮೆ ಅನ್ನಿಸಿದರೆ, ತಲೆ ವಿಪರೀತ ಸಿಡಿದು ಕಣ್ಣು ಮಂಜಾದರೆ, ಕಾಲು ಜೋಮು ಹಿಡಿದು ಬಿಡದೇ ಹೋದರೆ, ಬೆಳಗಾಗಲಿ ಅಂತ ಕಾಯಬೇಡ. ಇದು ಹಳೇ ನೋವು ಅಂತ ನಾನು ಬರೆದಿದ್ದೇನೆ, ಸಹಿಸಿಕೋ ಅಂತ ಬರೆದಿಲ್ಲ. ಅಳಿಯಂದಿರಿಗೂ ಇದನ್ನು ಓದಲು ಕೊಡು. ಹೆರಿಗೆಯ ಹೊತ್ತಿಗೆ ಜೊತೆಗೆ ಒಬ್ಬರನ್ನು ಒಳಗೆ ಬಿಡುತ್ತಾರಾ ಅಂತ ಆಸ್ಪತ್ರೆಯಲ್ಲಿ ಈಗಲೇ ಅವರು ವಿಚಾರಿಸಿ ಇಡಲಿ.

ಬಿಡುತ್ತಾರೆ ಅಂದರೆ ನಾನೇ ನಿಲ್ಲುತ್ತೇನೆ. ಮುಂದಿನ ತಿಂಗಳು ಹತ್ತನೇ ತಾರೀಕಿನ ರಾತ್ರಿ ಬಸ್ಸಿಗೆ ಸೀಟು ಮಾಡಿಸಿದ್ದೇನೆ. ನಿಮ್ಮಮ್ಮನ ಹಳೇ ಹತ್ತಿ ಸೀರೆ ಎರಡು ನನ್ನ ಟ್ರಂಕಿನಲ್ಲಿದ್ದವು. ಒಗೆದು ಒಣಹಾಕಿದ್ದೇನೆ, ಕೂಸಿಗೆ ಸುತ್ತಲು ಮೆತ್ತಗಿವೆ. ಮಳೆಯಿಂದ ಇನ್ನೂ ಸರಿಯಾಗಿ ಒಣಗಿಲ್ಲ.

ಇತಿ ನಿನ್ನ ಪ್ರೀತಿಯ,
ದೊಡ್ಡಮ್ಮ