ಕಕ್ಕಬ್ಬೆಯ ಆ ಅಂಗಡಿ ಅಣ್ಣನಿಗೆ

ಸೆಪ್ಟೆಂಬರ್ ಕೊನೆಗೆ ತಡಿಯಂಡಮೋಳ್ ಹತ್ತಲು ಹೋಗಿದ್ದೆವು. ಕೊಡಗಿನ ಅತಿ ಎತ್ತರದ ಬೆಟ್ಟ, 1748 ಮೀಟರ್, ಮಳೆ ಬೇರೆ ಇನ್ನೂ ಬಿಟ್ಟಿರಲಿಲ್ಲ. ನನ್ನ ಬ್ಯಾಗಿನಲ್ಲಿ ಏನಿತ್ತು ಗೊತ್ತಾ? ಎರಡು ಜೀನ್ಸ್, ಛತ್ರಿ, ನಾಲ್ಕು ಪ್ಯಾಕೆಟ್ ಚಿಪ್ಸ್!

ಬಿಸ್ಕತ್ತು ತಗೊಳ್ಳೋಣ ಅಂತ ಕಕ್ಕಬ್ಬೆಯ ಸಣ್ಣ ಅಂಗಡಿಗೆ ಹೋದೆ. ಅಣ್ಣ ನನ್ನ ಚಡ್ಡಿ ನೋಡಿ, "ಹೀಗೇ ಹೋಗ್ತೀರಾ? ಇಂಬಳ ಬಿಡಲ್ಲ" ಅಂದರು. ಇಂಬಳ ಅಂದರೆ ರಕ್ತ ಹೀರುವ ಕಾಡು ಜಿಗಣೆ. ಬ್ಯಾಗ್ ಬಿಚ್ಚಿಸಿದರು. ಒದ್ದೆಯಾದರೆ ಭಾರ ಅಂತ ಜೀನ್ಸ್ ತೆಗೆದಿಟ್ಟರು, ಛತ್ರಿಯನ್ನೂ. ಗೆಳೆಯನ ಟ್ರ್ಯಾಕ್ ಪ್ಯಾಂಟ್ ಹಾಕಿಸಿ ತುದಿಯನ್ನು ಸಾಕ್ಸ್ ಒಳಗೆ ತುರುಕಿಸಿದರು. ಮೊಬೈಲಿಗೊಂದು, ಒಣ ಬಟ್ಟೆಗೊಂದು ಪ್ಲಾಸ್ಟಿಕ್ ಕವರ್. ಆಮೇಲೆ ಹಳೇ ಪಂಚೆಯ ಚೂರಿನಲ್ಲಿ ಒಂದು ಹಿಡಿ ಉಪ್ಪು, ಸ್ವಲ್ಪ ಹೊಗೆಸೊಪ್ಪಿನ ಪುಡಿ ಸೇರಿಸಿ ಗಂಟು ಕಟ್ಟಿ, ಕೋಲಿನ ತುದಿಗೆ ಬಿಗಿದು, "ಒದ್ದೆ ಮಾಡಿ ಒತ್ತಿ, ಸುಮ್ನೆ ಎಳೆದು ಕೀಳಬೇಡಿ" ಅಂತ ತೋರಿಸಿಕೊಟ್ಟರು. ದುಡ್ಡು ತಗೊಂಡಿದ್ದು ಬಿಸ್ಕತ್ತಿಗೆ ಮಾತ್ರ.

ಬೆಟ್ಟದ ಮೇಲಿನ ದಟ್ಟ ಶೋಲಾ ಕಾಡು ಹೊಕ್ಕ ಐದೇ ನಿಮಿಷಕ್ಕೆ ಶೂ ಮೇಲೆ ಕಪ್ಪು ದಾರದ ತುಂಡುಗಳ ಹಾಗೆ ಇಂಬಳ. ಗಂಟು ತಾಗಿಸಿದ್ದೇ ತಡ, ಮುದುಡಿ ಬಿದ್ದವು. ಅಬ್ಬಾ, ಜೀವ ಬಂತು.

ಸಂಜೆ ಇಳಿದಾಗ ಅಂಗಡಿ ಮುಚ್ಚಿತ್ತು. ಜೀನ್ಸು, ಛತ್ರಿ ಪಕ್ಕದ ಹೋಟೆಲಿನಲ್ಲಿ ಕೊಟ್ಟು ಹೋಗಿದ್ದರು, ನೀಟಾಗಿ ಮಡಚಿ. ಹೆಸರೂ ಕೇಳಿರಲಿಲ್ಲ ನಾನು. ಅಣ್ಣಾ, ತುಂಬಾ ಥ್ಯಾಂಕ್ಸ್. ಆ ಕೋಲು ಈಗಲೂ ನಮ್ಮನೆ ಬಾಗಿಲ ಹಿಂದಿದೆ.