ಕಬ್ಬನ್ ಪಾರ್ಕಿನ ಅಕ್ಕನಿಗೆ

ಹೋದ ಭಾನುವಾರ ಕಬ್ಬನ್ ಪಾರ್ಕಿನ ಬಿದಿರು ಮೆಳೆ ಹತ್ತಿರ ಸಿಕ್ಕಿದ ಅಕ್ಕಾ, ನಿಮ್ಮ ಹೆಸರು ಕೇಳುವುದೇ ಮರೆತೆ. ನನ್ನ ಮಗನ ಕಿವಿ ಮಿಷನ್ ನೋಡಿ ಮಕ್ಕಳು ನಕ್ಕಾಗ ನಾನು ಬೈಯಲು ಹೊರಟಿದ್ದೆ. ನೀವು ಸುಮ್ನೆ ಚೀಲದಿಂದ ಚಿತ್ರಪುಸ್ತಕ ತೆಗೆದು ಎಲ್ಲರನ್ನೂ ಕೂರಿಸಿಕೊಂಡಿರಿ. ಉಪದೇಶ ಒಂದು ಮಾತೂ ಇಲ್ಲ. ಪುಟ ತಿರುಗಿಸಿ, "ಇಲ್ಲಿ ಏನೇನು ಕಾಣ್ತಿದೆ?" ಅಂದಿರಿ, ಅಷ್ಟೇ. ಚಿತ್ರದ ಹುಡುಗಿಯ ಕಿವಿ ಮೇಲೆ ಬೆರಳಿಟ್ಟು ಮಗ, "ನಂದೂ ಇದೇ ಥರ!" ಅಂದ. ಎಲ್ಲರಿಗಿಂತ ಜಾಸ್ತಿ ನಕ್ಕಿದ್ದ ಹುಡುಗನೇ, "ಇದಕ್ಕೆ ಸೆಲ್ ಹಾಕ್ತಾರಾ?" ಅಂತ ಕೇಳಿದ. ಮಗ ಬಿಚ್ಚಿ ತೋರಿಸಿದ.

ನೀವು ಹೇಳಿದ ಪ್ರಥಮ್ ಬುಕ್ಸ್‌ನ ಮಕ್ಕಳ ಕಥೆಗಳ ವೆಬ್‌ಸೈಟ್ ಸ್ಟೋರಿವೀವರ್ ನೋಡಿದೆ. 2015ರಿಂದ ಇದೆಯಂತೆ, ಕನ್ನಡದ ಕಥೆಗಳೂ ಪುಕ್ಕಟೆ! ನನಗೆ ಈಗ ಗೊತ್ತಾಯಿತು. ನಿಮ್ಮ ಪುಸ್ತಕ ನಮ್ಮ ಬುತ್ತಿಚೀಲದಲ್ಲೇ ಉಳಿದಿದೆ. ಬರುವ ಭಾನುವಾರ ಅಲ್ಲಿಗೇ ತರುತ್ತೇನೆ. ತುಂಬಾ ಥ್ಯಾಂಕ್ಸ್ ಅಕ್ಕಾ.