ಸೇವಂತಿಗೆ ಊರಿನಿಂದ ಕೋನ್‌ಫ್ಲವರ್ ಬೀಜ

ಪ್ರೀತಿಯ ಮಂಜು,

ಹೇಗಿದ್ದೀಯ? ಅಮ್ಮನ ಮಂಡಿನೋವು ಈಗ ಪರವಾಗಿಲ್ವಾ? ತುಮಕೂರಿನ ಹೊಸ ಮನೆ ಮುಂದೆ ಒಂದಿಷ್ಟು ಜಾಗ ಖಾಲಿ ಬಿದ್ದಿದೆ, ಕೋನ್‌ಫ್ಲವರ್ ಅನ್ನೋ ಹೂಗಿಡ ಹಾಕಲಾ ಅಂತ ನೀನು ಕೇಳಿದ್ದೆ. ಹಾಕು ಮಾರಾಯ, ಖಂಡಿತ ಹಾಕು. ಆದರೆ ಫೋನಿನಲ್ಲಿ ಎರಡು ಮಾತಿಗೆ ಮುಗಿಯುವ ವಿಷಯ ಅಲ್ಲ ಇದು. ನಮ್ಮ ಕಡೆ ಇದನ್ನು ಬೆಳೆಸುವವರು ಕಡಿಮೆ. ಅದಕ್ಕೇ ಎಲ್ಲರೂ ಓದಲಿ ಅಂತ ಇಲ್ಲೇ ಬರೆಯುತ್ತಿದ್ದೇನೆ.

ಇದರ ತವರು ಉತ್ತರ ಅಮೆರಿಕದ ನಡುಭಾಗ ಮತ್ತು ಪೂರ್ವದ ಹುಲ್ಲುಗಾವಲು, ಕಾಡಂಚು. ಅಲ್ಲಿ ಚಳಿಗಾಲದಲ್ಲಿ ಹಿಮ ಬೀಳುತ್ತದೆ. ಗಿಡದ ಮೇಲ್ಭಾಗ ಪೂರ್ತಿ ಒಣಗಿ, ಬೇರು ಮಾತ್ರ ಮಣ್ಣೊಳಗೆ ಉಳಿದು, ವಸಂತದಲ್ಲಿ ಮತ್ತೆ ಚಿಗುರುತ್ತದೆ. ಬಹುವಾರ್ಷಿಕ ಗಿಡ. ಒಟ್ಟು ಒಂಬತ್ತು ಹತ್ತು ಜಾತಿ ಇವೆ. ನಾವು ಮನೆಯಲ್ಲಿ ಬೆಳೆಸುವುದು ಹೆಚ್ಚಾಗಿ ನೇರಳೆ ಬಣ್ಣದ ಎಕಿನೇಷಿಯ ಪರ್ಪ್ಯೂರಿಯ. ಸೂರ್ಯಕಾಂತಿ, ಚೆಂಡುಹೂ, ನಮ್ಮ ಹೊಲದ ಹುಚ್ಚೆಳ್ಳು, ಸೇವಂತಿಗೆ, ಎಲ್ಲವೂ ಇದರ ನೆಂಟರೇ.

ಸೇವಂತಿಗೆ ಅಂದೆನಲ್ಲ, ಅಲ್ಲೇ ಇದೆ ಮುಖ್ಯ ವಿಷಯ. ನೀನು ರಾತ್ರಿ ಹೊತ್ತು ಚಿಕ್ಕಬಳ್ಳಾಪುರದ ಕಡೆ ಬಂದಾಗ ಹೊಲಗಳಲ್ಲಿ ಸಾಲು ಸಾಲು ಬಲ್ಬ್ ಉರಿಯೋದು ನೋಡಿದ್ದೀಯಲ್ಲ? ಅವು ಸೇವಂತಿಗೆ ತೋಟಗಳು. ಹಗಲು ಚಿಕ್ಕದಾಗಿ ರಾತ್ರಿ ದೊಡ್ಡದಾದರೆ ಸೇವಂತಿಗೆ ಮೊಗ್ಗು ಕಟ್ಟುತ್ತದೆ. ಗಿಡ ಎತ್ತರ ಬೆಳೆಯುವ ಮೊದಲೇ ಮೊಗ್ಗು ಬರಬಾರದು, ಹಬ್ಬದ ರೇಟಿಗೆ ಸರಿಯಾಗಿ ಹೂ ಸಿಗಬೇಕು ಅಂತ ರೈತರು ರಾತ್ರಿ ಬೆಳಕು ಕೊಟ್ಟು ಅದನ್ನು ತಡೆದು ಹಿಡಿಯುತ್ತಾರೆ. ಕೋನ್‌ಫ್ಲವರ್ ಲೆಕ್ಕ ಬೇರೆ. ಅದಕ್ಕೆ ಹದಿಮೂರರಿಂದ ಹದಿನೈದು ಗಂಟೆ ಬೆಳಕು ಸಿಕ್ಕರೆ ಚೆನ್ನಾಗಿ ಹೂ ಬಿಡುತ್ತದೆ. ತೀರಾ ಕಡಿಮೆಯಾದರೂ ಹೂ ಕಮ್ಮಿ, ಇಡೀ ರಾತ್ರಿ ಬೆಳಕಿದ್ದರೂ ಹೂ ಕಮ್ಮಿ. ಅದರ ತವರಿನಲ್ಲಿ ಜೂನ್ ತಿಂಗಳ ಹಗಲು ಹದಿನಾಲ್ಕು, ಹದಿನೈದು ಗಂಟೆ ಇರುತ್ತದೆ. ತುಮಕೂರಾಗಲಿ ಚಿಕ್ಕಬಳ್ಳಾಪುರವಾಗಲಿ, ನಮ್ಮ ಅತಿ ಉದ್ದದ ಹಗಲೂ ಹದಿಮೂರು ಗಂಟೆ ತುಂಬುವುದಿಲ್ಲ. ಡಿಸೆಂಬರಿನಲ್ಲಂತೂ ಹನ್ನೊಂದೂವರೆ ಗಂಟೆಯೂ ಇಲ್ಲ.

ನಮ್ಮ ಕಡೆ ಕೋನ್‌ಫ್ಲವರ್ ಹಾಕಿದವರು "ಬರೀ ಸೊಪ್ಪು ಬೆಳೆಯುತ್ತೆ, ಹೂವೇ ಇಲ್ಲ" ಅಂದರೆ ಮೊದಲು ಬೆಳಕಿನ ಗಂಟೆ ಲೆಕ್ಕ ಹಾಕಬೇಕು. ಗೊಬ್ಬರ ಸುರಿದರೆ ಸೊಪ್ಪು ಇನ್ನೂ ಜಾಸ್ತಿಯಾಗುತ್ತದೆ, ಅಷ್ಟೆ. ಬೇಕಾದ್ದು ಬೆಳಕು. ಫೆಬ್ರವರಿಯಿಂದ ಸಂಜೆ ಆರರಿಂದ ಎಂಟೂವರೆ ತನಕ ಗಿಡದ ಮೇಲೆ ಒಂದು ಎಲ್‌ಇಡಿ ಬಲ್ಬ್ ಹಾಕು. ಆಮೇಲೆ ಆರಿಸಿಬಿಡು. ಪೋರ್ಟಿಕೊ ಲೈಟು ಗಿಡಕ್ಕೆ ಬೀಳುವ ಹಾಗಿದ್ದರೆ ಅದೇ ಸಾಕು. ನಾನು ಇಲ್ಲಿ ಹಾಗೇ ಮಾಡುತ್ತೇನೆ. ಗೋಡೆ ಆಚೆ, ಕತ್ತಲಲ್ಲಿ ಇರುವ ಗಿಡಗಳಿಗಿಂತ ಲೈಟಿನ ಕೆಳಗಿನವು ಮುಂಚೆ ಕಾಂಡ ಎತ್ತುತ್ತವೆ. ಪಕ್ಕದ ಹೊಲದವರು ಹೂವನ್ನು ತಡೆಯಲು ಬಲ್ಬ್ ಹಾಕುತ್ತಾರೆ, ನಾನು ಹೂವನ್ನು ಕರೆಯಲು ಹಾಕುತ್ತೇನೆ. ಒಂದೇ ಕುಟುಂಬದ ಎರಡು ಗಿಡ ನೋಡು! ನನಗೆ ಇದು ಪ್ರತಿ ವರ್ಷವೂ ಹೊಸದಾಗಿ ಖುಷಿ ಕೊಡುತ್ತದೆ.

ಇನ್ನು ಬೀಜ. ಹಿಮದ ಕೆಳಗೆ ಮಲಗಿ ಎದ್ದು ಬರುವ ಬೀಜ ಅದು. ನಮ್ಮಲ್ಲಿ ಆ ಚಳಿ ಎಲ್ಲಿಂದ ತರೋದು? ಫ್ರಿಜ್ಜಿನಿಂದ. ಒದ್ದೆ ಮರಳಿನಲ್ಲಿ ಬೀಜ ಕಲಸಿ ಡಬ್ಬಿಗೆ ಹಾಕಿ, ತರಕಾರಿ ಇಡುವ ಕಡೆ ಒಂದು ತಿಂಗಳು ಇಡು. ಫ್ರೀಜರಿನಲ್ಲಿ ಬೇಡ. ಈ ಜಾತಿಯ ಬೀಜ ಚಳಿ ಇಲ್ಲದೆಯೂ ಮೊಳೆಯುತ್ತದೆ, ಆದರೆ ಚಳಿ ಕಂಡ ಬೀಜ ಒಟ್ಟಿಗೆ, ಚೆನ್ನಾಗಿ ಏಳುತ್ತದೆ. ಗಣೇಶನ ಹಬ್ಬ ಮುಗಿದ ಮೇಲೆ ಡಬ್ಬಿ ಒಳಗೆ ಹೋದರೆ ದೀಪಾವಳಿ ಹೊತ್ತಿಗೆ ಬಿತ್ತಬಹುದು. ಅಷ್ಟರಲ್ಲಿ ಚಿತ್ತೆ ಮಳೆಯ ಆರ್ಭಟವೂ ಮುಗಿದಿರುತ್ತದೆ. ಟ್ರೇನಲ್ಲಿ ಬಿತ್ತಿ, ಮೇಲೆ ತೆಳ್ಳಗೆ ಮಣ್ಣು ಉದುರಿಸು ಸಾಕು. ಬೆಳಕು ತಾಗಿದರೆ ಚೆನ್ನಾಗಿ ಮೊಳೆಯುತ್ತದೆ. ಹತ್ತರಿಂದ ಇಪ್ಪತ್ತು ದಿನ ಕಾಯಬೇಕು. ಅಮ್ಮ ಮಧ್ಯದಲ್ಲಿ ಟ್ರೇಯಲ್ಲಿ ಕೊತ್ತಂಬರಿ ಬಿತ್ತದ ಹಾಗೆ ನೋಡಿಕೋ!

ನಿಮ್ಮ ಕೆಮ್ಮಣ್ಣು ಇದಕ್ಕೆ ಒಳ್ಳೆಯದೇ. ಮನೆ ಕಟ್ಟಿದ ಜಾಗದಲ್ಲಿ ಸಿಮೆಂಟು, ಜಲ್ಲಿ ಚೂರು ಉಳಿದಿರುತ್ತದೆ, ಅದನ್ನು ತೆಗೆದು ಒಂದಡಿ ಆಳ ಅಗೆದು ಸಡಿಲ ಮಾಡು. ಕಳಿತ ಕೊಟ್ಟಿಗೆ ಗೊಬ್ಬರ ಒಂದೆರಡು ಬುಟ್ಟಿ ಸಾಕು. ಆಮೇಲೆ ಮಡಿಯನ್ನು ನೆಲಕ್ಕಿಂತ ಅರ್ಧ ಅಡಿ ಎತ್ತರ ಮಾಡು. ಈ ಎತ್ತರದ ಮಾತನ್ನು ಮಾತ್ರ ಹಗುರವಾಗಿ ತಗೋಬೇಡ. ನಮ್ಮಲ್ಲಿ ವರ್ಷದ ಮಳೆ ಕಡಿಮೆ ಅನ್ನುವುದು ನಿಜ, ಆದರೆ ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಒಮ್ಮೆಲೇ ಸುರಿಯುತ್ತದೆ. ಈ ಗಿಡ ಬರ ತಡೆಯುತ್ತದೆ, ಬುಡದಲ್ಲಿ ನಿಂತ ನೀರು ತಡೆಯುವುದಿಲ್ಲ. ಬೇರು ಕೊಳೆತರೆ ಮುಗಿಯಿತು.

ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ ಬಿಡು. ಬೆಳಗಿನ ಬಿಸಿಲು ಪೂರ್ತಿ ಬೀಳಲಿ. ಮಾರ್ಚ್, ಏಪ್ರಿಲ್ ಮಧ್ಯಾಹ್ನದ ಸುಡು ಬಿಸಿಲಿಗೆ ಯಾವುದಾದರೂ ಮರದ ನೆರಳು ಅಡ್ಡ ಇದ್ದರೆ ಹೂವಿನ ಬಣ್ಣ ಬೇಗ ಮಾಸುವುದಿಲ್ಲ. ಎಳೆ ಸಸಿಗೆ ನೀರು ತಪ್ಪಿಸಬೇಡ. ಬೇರು ಕಚ್ಚಿದ ಮೇಲೆ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಬುಡ ನೆನೆಯುವಷ್ಟು ಹಾಕಿದರೆ ನಡೆಯುತ್ತದೆ. ಬೋರ್‌ವೆಲ್ ನಂಬಿಕೊಂಡು ಬದುಕುವ ನಮ್ಮಂಥ ಊರುಗಳಲ್ಲಿ ಇದೊಂದು ಗುಣಕ್ಕೇ ಈ ಗಿಡ ನನಗೆ ಇಷ್ಟ. ಮೊದಲ ವರ್ಷ ಕೆಲವು ಬರೀ ಎಲೆಯ ಗುಡ್ಡೆಯಾಗಿಯೇ ಕೂರಬಹುದು. ಕೀಳಬೇಡ.

ಹೂ ಬಂದಾಗ ಒಂದು ಬೆಳಗ್ಗೆ ಹತ್ತಿರ ಕೂತು ನೋಡು. ಸುತ್ತ ಇರುವ ನೇರಳೆ ದಳಗಳು ಬೀಜ ಕಟ್ಟುವುದಿಲ್ಲ, ಅವು ಜೇನನ್ನು ಕರೆಯಲು ಮಾತ್ರ. ನಿಜವಾದ ಹೂಗಳು ನಡುವಿನ ಗುಬುಟಿನಲ್ಲಿವೆ, ನೂರಾರು. ಅವುಗಳ ನಡುವೆ ಕಿತ್ತಳೆ ತುದಿಯ ಗಟ್ಟಿ ಮುಳ್ಳುಗಳಂಥವು. ಅಂಚಿನ ಸಾಲು ಮೊದಲು ಅರಳುತ್ತದೆ, ಆಮೇಲೆ ದಿನ ದಿನಕ್ಕೂ ಉಂಗುರ ಉಂಗುರವಾಗಿ ಒಳಕ್ಕೆ ಹೋಗುತ್ತದೆ. ಜೇನು ಎಲ್ಲೆಲ್ಲೋ ಕೂರುವುದಿಲ್ಲ, ಆವತ್ತು ಅರಳಿದ ಉಂಗುರದ ಮೇಲೇ ಸುತ್ತು ಹಾಕುತ್ತದೆ. ಚಿಟ್ಟೆಗಳೂ ಅಷ್ಟೆ. ಒಂದು ಹೂ ವಾರಗಟ್ಟಲೆ ಹೀಗೆ ಊಟ ಬಡಿಸುತ್ತಲೇ ಇರುತ್ತದೆ. ಅದಕ್ಕೇ ನರ್ಸರಿಯಲ್ಲಿ ಪಾಂಪಾಂ ಥರ ದಳ ತುಂಬಿದ ತಳಿ ತೋರಿಸಿದರೆ ತರಬೇಡ ಅಂತೀನಿ. ನೋಡೋಕೆ ಚೆಂದ, ಆದರೆ ಜೇನಿಗೆ ಅದರಲ್ಲಿ ಏನೂ ಸಿಗುವುದು ಕಷ್ಟ. ಅಮ್ಮ ದೇವರಿಗೆ ಮುಡಿಸಲು ಕೇಳುತ್ತಾರೆ, ಕೊಡು. ಹಾರಕ್ಕೆ ಮಾತ್ರ ಸೇವಂತಿಗೆಯೇ ಸರಿ.

ರೋಗದ ಕಾಟ ಅಷ್ಟಿಲ್ಲ. ಗಾಳಿ ಆಡದಿದ್ದರೆ ಎಲೆಗೆ ಬೂದಿ ರೋಗ ಬರುತ್ತದೆ. ಆದರೆ ಹೂವಿನ ನಡುವಿನಿಂದಲೇ ಹಸಿರು ಎಲೆಯಂಥ ಗೊಂಚಲು, ವಿಕಾರವಾದ ದಳ ಕಂಡರೆ ಯೋಚಿಸಬೇಡ, ಬುಡಸಮೇತ ಕಿತ್ತು ಸುಟ್ಟುಬಿಡು. ಅದು ಜಿಗಿಹುಳುಗಳಿಂದ ಹರಡುವ ಫೈಟೋಪ್ಲಾಸ್ಮಾ ರೋಗ, ಅಂದರೆ ಬ್ಯಾಕ್ಟೀರಿಯಾದಂಥ ಸೂಕ್ಷ್ಮಜೀವಿಯಿಂದ ಬರುವ ರೋಗ. ಔಷಧಿ ಇಲ್ಲ.

ಔಷಧಿ ಅಂದಾಗ ನೆನಪಾಯ್ತು. ಇದರ ಕಷಾಯ ನೆಗಡಿಗೆ ಒಳ್ಳೆಯದು ಅಂತ ಎಲ್ಲೋ ಓದಿ ಎಲೆ ಕುದಿಸಲು ಹೊರಡಬೇಡ. ಅಮೆರಿಕದ ಮೂಲನಿವಾಸಿಗಳು ಈ ಕುಲದ ಬೇರನ್ನು ತುಂಬಾ ಹಿಂದಿನಿಂದ ಮದ್ದಾಗಿ ಬಳಸಿದ್ದು ನಿಜ. ನೆಗಡಿಯ ಮೇಲೆ ಆದ ಪರೀಕ್ಷೆಗಳು ಮಾತ್ರ ಒಂದೊಂದು ಒಂದೊಂದು ಥರ ಹೇಳುತ್ತವೆ. ಅದಕ್ಕಿಂತ ಮುಖ್ಯ, ನಿನಗೆ ಪಾರ್ಥೇನಿಯಂ ತಾಗಿದರೆ ಮೈಯೆಲ್ಲ ತುರಿಕೆ ಬರುತ್ತದಲ್ಲ, ಆ ಕಳೆಯೂ ಇದೇ ಕುಟುಂಬದ್ದು. ಅಂಥ ಅಲರ್ಜಿ ಇರುವವರಿಗೆ ಕೋನ್‌ಫ್ಲವರ್ ಕೂಡ ಆಗದೇ ಇರಬಹುದು. ಗಿಡ ಮುಟ್ಟುವಾಗ ಕೈಗವಸು ಹಾಕಿಕೋ, ಕುಡಿಯೋದಂತೂ ಬೇಡವೇ ಬೇಡ.

ಬಾಡಿದ ಹೂಗಳನ್ನು ಕತ್ತರಿಸಿದರೆ ಹೊಸ ಮೊಗ್ಗು ಬರುತ್ತದೆ. ಕೊನೆಯ ಸುತ್ತಿನವನ್ನು ಮಾತ್ರ ಗಿಡದಲ್ಲೇ ಒಣಗಲು ಬಿಡು, ಬೀಜ ಆಗುತ್ತದೆ. ಗುಬುಟು ಕಪ್ಪಾಗಿ ಗಟ್ಟಿಯಾದ ಮೇಲೆ ದಪ್ಪ ಬಟ್ಟೆಯಲ್ಲಿ ಹಿಡಿದು ಉಜ್ಜು, ಬರಿಗೈಯಲ್ಲಿ ಚುಚ್ಚುತ್ತದೆ. ನಾಲ್ಕೈದು ವರ್ಷಕ್ಕೆ ಬುಡ ಒತ್ತಾದರೆ ಅಗೆದು ಪಾಲು ಮಾಡಿ ನೆಡಬಹುದು.

ಬೀಜದ ಪೊಟ್ಟಣ ನಾಳೆ ಪೋಸ್ಟ್ ಮಾಡುತ್ತೇನೆ. ಮಾಮೂಲಿ ನೇರಳೆಯದೇ, ಹೈಬ್ರಿಡ್ ಅಲ್ಲ, ಆದ್ದರಿಂದ ನಿನ್ನ ಗಿಡದ ಬೀಜವನ್ನೂ ಮುಂದೆ ಬಿತ್ತಬಹುದು. ಅರ್ಧ ಫ್ರಿಜ್ಜಿಗೆ ಹಾಕು, ಅರ್ಧ ಹಾಗೇ ಇಟ್ಟು ಎರಡನ್ನೂ ಬೇರೆ ಬೇರೆ ಟ್ರೇಯಲ್ಲಿ ಬಿತ್ತು. ಯಾವುದು ಎಷ್ಟು ಎದ್ದಿತು ಅಂತ ನನಗೆ ಬರೆದು ತಿಳಿಸು. ಸಂಕ್ರಾಂತಿಗೆ ಬಂದಾಗ ಬಲ್ಬ್ ಎಲ್ಲಿ ಕಟ್ಟಬೇಕು ಅಂತ ಇಬ್ಬರೂ ನೋಡೋಣ.

ಅಮ್ಮನಿಗೆ ನಮಸ್ಕಾರ ಹೇಳು.

ನಿನ್ನ,
ರಘು
ಚಿಕ್ಕಬಳ್ಳಾಪುರ